ಆರಡಿ ದೋಟಿ

ಕೊರೊನಾ ಕಾಲದಲ್ಲಿ ನೀವೂ ತಟ್ಟೆ ಬಡಿದಿದ್ದೀರಿ ತಾನೆ? ಒಪ್ಪಿಕೊಂಡುಬಿಡಿ, ಇಲ್ಲಿ ಇರುವವರು ನಾವಿಬ್ಬರೇ. ನಾನು ಬಡಿದದ್ದು ತಟ್ಟೆಯಲ್ಲ, ಜಾಗಟೆ. 2020ರ ಮಾರ್ಚ್ 22, ಭಾನುವಾರ, ಜನತಾ ಕರ್ಫ್ಯೂ. ಸಂಜೆ ಐದಕ್ಕೆ ಬಾಗಿಲಲ್ಲೋ ಬಾಲ್ಕನಿಯಲ್ಲೋ ನಿಂತು ಚಪ್ಪಾಳೆ ತಟ್ಟಿ ಅಂದಿದ್ದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ರಿಟೈರಾದವನು ಬರೀ ಚಪ್ಪಾಳೆ ತಟ್ಟಿದರೆ ಏನು ಚೆಂದ ಎಂದು ದೇವರ ಮನೆಯ ಜಾಗಟೆ ಹಿಡಿದು ತಾರಸಿ ಹತ್ತಿದೆ. ಮೂರನೇ ಪೆಟ್ಟಿಗೆ ಕೊಡತಿಯ ತಲೆ ಕಳಚಿಕೊಂಡು ಪಕ್ಕದ ಮನೆಯ ಅಂಗಳಕ್ಕೆ ಹಾರಿತು. ಅಲ್ಲಿ ಹಳೇ ಪಂಚೆಯ ಮೇಲೆ ಸಂಡಿಗೆ ಒಣಗುತ್ತಿತ್ತು. ಆ ಮನೆಯವರು ‘ಅಯ್ಯಯ್ಯೋ’ ಅಂದರು. ಅದನ್ನು ಕೇಳಿ ಎದುರು ಮನೆಯವರು ಹೊರಗೆ ಬಂದರು, ಅವರನ್ನು ನೋಡಿ ಓಣಿಯವರು ಬಂದರು. ಬೆಳಗಿನಿಂದ ನರಪಿಳ್ಳೆ ಕಾಣದಿದ್ದ ನಮ್ಮ ಬೀದಿಯಲ್ಲಿ ಎರಡು ನಿಮಿಷಕ್ಕೆ ಹದಿನೆಂಟು ಜನ. ಜನ ಸೇರಬಾರದು ಎಂಬ ಕರ್ಫ್ಯೂವಿನ ದಿನ ಅರಸೀಕೆರೆಯ ಅತಿ ದೊಡ್ಡ ಸಭೆ ನಡೆದದ್ದು ನಮ್ಮ ತಾರಸಿಯ ಕೆಳಗೇ ಇರಬೇಕು.

ಅದು ಮೊದಲ ಅಪಶಕುನ. ನನಗೆ ಅರ್ಥವಾಗಲಿಲ್ಲ.

ಅದೇ ದಿನ ರೈಲುಗಳೂ ನಿಂತವು. ಹುಬ್ಬಳ್ಳಿ ಕಡೆ, ಶಿವಮೊಗ್ಗ ಕಡೆ, ಹಾಸನ–ಮಂಗಳೂರು ಕಡೆ ಎಂದು ಹಗಲೂ ರಾತ್ರಿ ಕೂಗುವ ಜಂಕ್ಷನ್ ಊರು ನಮ್ಮದು. ಗಡಿಯಾರ ನೋಡಿ ಎದ್ದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ, ರೈಲಿನ ಕೂಗಿಗೇ ಏಳುವುದು. ಕೂಗು ನಿಂತ ಮೇಲೆ ನಾನು ಒಂಬತ್ತು ಗಂಟೆವರೆಗೆ ಮಲಗಿ, ಎದ್ದು, ಟಿ.ವಿ. ಮುಂದೆ ಕೂತು, ಸಾಮಾಜಿಕ ಅಂತರದ ಬಗ್ಗೆ ಮಹಾ ಪಂಡಿತನಾದೆ. ಮಾಡಲು ಬೇರೆ ಕೆಲಸವಿಲ್ಲದ ಮೇಷ್ಟ್ರು ಪಂಡಿತನಾದರೆ ಊರಿಗೆ ಎಷ್ಟು ಅಪಾಯ ಎಂಬುದಕ್ಕೆ ಯಾರೂ ಮಾರ್ಗಸೂಚಿ ಹೊರಡಿಸಿರಲಿಲ್ಲ.

ಏಪ್ರಿಲ್ 7ರಂದು ಕೇಂದ್ರ ಆರೋಗ್ಯ ಇಲಾಖೆಯವರು ಐ.ಸಿ.ಎಂ.ಆರ್. ಲೆಕ್ಕವೊಂದನ್ನು ಹೇಳಿದರು. ಯಾವ ಕಟ್ಟುಪಾಡೂ ಇಲ್ಲದಿದ್ದರೆ ಒಬ್ಬ ಸೋಂಕಿತನಿಂದ ಮೂವತ್ತು ದಿನಕ್ಕೆ 406 ಜನಕ್ಕೆ ರೋಗ ಹರಡಬಹುದು, ಜನರ ಬೆರೆಯುವಿಕೆ ಮುಕ್ಕಾಲು ಪಾಲು ಇಳಿದರೆ ಬರೀ ಎರಡೂವರೆ ಜನಕ್ಕೆ. ಕೇಳಿದ್ದೇ ನನ್ನ ಕೈ ಕಡಿಯಲು ಶುರುವಾಯಿತು. ಇದು ನಮ್ಮ ಗುಣೋತ್ತರ ಶ್ರೇಢಿ! ಒಬ್ಬ ಎರಡೂವರೆ ಜನಕ್ಕೆ ಅಂಟಿಸುತ್ತಾನೆ, ಐದು ದಿನಕ್ಕೊಂದು ಸುತ್ತು ಎಂದು ಹಿಡಿದರೆ ತಿಂಗಳಿಗೆ ಆರು ಸುತ್ತು. ಒಂದು, ಎರಡೂವರೆ, ಆರೂಕಾಲು, ಹದಿನೈದೂ ಚಿಲ್ಲರೆ, ಮೂವತ್ತೊಂಬತ್ತು, ತೊಂಬತ್ತೆಂಟು, ಇನ್ನೂರ ನಲವತ್ತನಾಲ್ಕು. ಕೂಡಿದರೆ ಮೊದಲನೆಯವನನ್ನೂ ಸೇರಿಸಿ ಸರಿಯಾಗಿ 406! ಇನ್ನು ಬೆರೆಯುವುದು ಕಾಲು ಭಾಗಕ್ಕೆ ಇಳಿದರೆ ಎರಡೂವರೆಯ ಜಾಗದಲ್ಲಿ 0.625 ಬರುತ್ತದೆ, ಸುತ್ತು ಸುತ್ತಿಗೂ ಕರಗುತ್ತಾ ಹೋಗುತ್ತದೆ, ಮೊತ್ತ ಎರಡೂವರೆಗೆ ಬಂದು ನಿಲ್ಲುತ್ತದೆ. ಇಂಥ ರಸಗವಳವನ್ನು ಒಬ್ಬನೇ ತಿನ್ನುವುದು ಪಾಪ. ಸೀಮೆಸುಣ್ಣ ತಗೊಂಡು ನಮ್ಮ ಕಾಂಪೌಂಡಿನ ಹೊರಗೋಡೆಯ ಮೇಲೆ ಬರೆದೆ. ಬರೆಯುತ್ತಾ ಬರೆಯುತ್ತಾ, ಮೂವತ್ತು ವರ್ಷದ ಚಾಳಿ ನೋಡಿ, ಜೋರಾಗಿ ಹೇಳಿದೆ.

ತಿರುಗಿ ನೋಡಿದರೆ ಹಿಂದೆ ಇಪ್ಪತ್ತೆರಡು ಜನ. ಹಾಲು ತರಲು ಹೊರಟವರು, ಔಷಧಿ ಚೀಟಿ ಹಿಡಿದವರು, ನನ್ನ ಹಳೇ ಶಿಷ್ಯರು. ನನ್ನ ಸರ್ವೀಸಿನಲ್ಲಿ ಗುಣೋತ್ತರ ಶ್ರೇಢಿಗೆ ಇಷ್ಟು ಹಾಜರಾತಿ ಎಂದೂ ಇರಲಿಲ್ಲ. ಗೋಡೆಯ ಮೇಲೆ ಬರೆದದ್ದು ‘ಬೆರೆಯಬೇಡಿ’ ಎಂದು. ಅದನ್ನು ಓದಲು ಒಬ್ಬರ ಭುಜದ ಮೇಲಿಂದ ಇನ್ನೊಬ್ಬರು ಇಣುಕುತ್ತಿದ್ದರು. ಅಷ್ಟರಲ್ಲಿ ಆಟೋ ಓಡಿಸುವ ಶಿಷ್ಯನೊಬ್ಬ ಕೈ ಎತ್ತಿದ.

“ಮೇಷ್ಟ್ರೇ, ಎರಡು ಜನ ಸರಿ. ಆ ಅರ್ಧ ಮನ್ಸ ಯಾರು?”

“ಸರಾಸರಿ ಕಣಪ್ಪ.”

“ಅಂದ್ರೆ ಅವನಿಗೆ ಅರ್ಧ ಜ್ವರ ಬರುತ್ತಾ?”

ಉತ್ತರ ಹೊಳೆಯಲಿಲ್ಲ. ಪೊಲೀಸ್ ಜೀಪಿನ ಸದ್ದು ಕೇಳಿಸಿದ್ದರಿಂದ ಮಾನ ಉಳಿಯಿತು. ತರಗತಿ ಕ್ಷಣದಲ್ಲಿ ಖಾಲಿ. ಸೀಮೆಸುಣ್ಣ ಹಿಡಿದು ಗೋಡೆಗೆ ಅಂಟಿಕೊಂಡು ನಿಂತವನು ನಾನೊಬ್ಬನೇ.

ಇನ್ನು ಮೇಲೆ ಉಪದೇಶ ಬೇಡ, ಆಚರಣೆಯೇ ಸರಿ ಎಂದು ತೀರ್ಮಾನಿಸಿದೆ. ಆರಡಿ ಅಂತರ, ಎರಡು ಗಜ ಎನ್ನುತ್ತಿದ್ದರು. ನಮ್ಮ ಹೂವಾಡಗಿತ್ತಿಯರ ಅಳತೆಯಲ್ಲಿ ಒಂದು ಮಾರು. ಆದರೆ ಮಾರು ಅಳೆಯಲು ಎರಡೂ ಕೈ ಚಾಚಬೇಕು. ಪೇಟೆಯಲ್ಲಿ ನಾನು ಹಾಗೆ ಕೈ ಚಾಚಿ ನಿಂತದ್ದನ್ನು ನೋಡಿ ಹಳೇ ಸಹೋದ್ಯೋಗಿಯೊಬ್ಬರು ತಬ್ಬಿಕೊಳ್ಳಲು ಬಂದುಬಿಟ್ಟರು. ಹಾಗಾಗಿ ಹಿತ್ತಿಲಿನಲ್ಲಿ ಬಿದ್ದಿದ್ದ ತೆಂಗಿನಕಾಯಿ ಕೀಳುವ ಹಳೇ ದೋಟಿಯನ್ನು ಸರಿಯಾಗಿ ಆರಡಿಗೆ ಕುಯ್ದು, ಎರಡೂ ತುದಿಗೆ ಕೆಂಪು ಬಣ್ಣ ಬಳಿದೆ. ಇದನ್ನು ಮುಂದಕ್ಕೆ ಚಾಚಿ ನಡೆದರೆ ವೈರಸ್ಸಿಗಿರಲಿ, ಯಮನಿಗೂ ಹತ್ತಿರ ಬರಲು ದಾರಿಯಿಲ್ಲ.

ಕಾಯಿ–ಕೊಬ್ಬರಿಯ ಊರಿನಲ್ಲಿ ದೋಟಿ ಹಿಡಿದು ಪೇಟೆಗೆ ಹೋದವನನ್ನು ಜನ ಏನೆಂದು ತಿಳಿಯುತ್ತಾರೆ ಎಂಬ ಯೋಚನೆ ನನಗೆ ಬರಲಿಲ್ಲ. ಮೊದಲ ತಿರುವಿನಲ್ಲೇ ಒಬ್ಬರು ಕೂಗಿದರು: “ಏನಣ್ಣ, ಮರಕ್ಕೆ ಎಷ್ಟು ತಗತೀಯ?” ಲಾಕ್‌ಡೌನಿನಲ್ಲಿ ಮರ ಹತ್ತುವವರು ಸಿಗದೆ ಕಾಯೆಲ್ಲ ತಾವೇ ಉದುರುತ್ತಿದ್ದವಂತೆ, ಪಾಪ. ನಾನು ಮಾಸ್ಕಿನೊಳಗಿಂದ ‘ಅಂತರ, ಅಂತರ’ ಅಂದೆ. ಅವರಿಗೆ ಅದು ‘ಹತ್ತು, ಹತ್ತು’ ಎಂದು ಕೇಳಿಸಿತು. “ಹತ್ತು ಮರ ಆಗಲ್ಲ, ಎಂಟೇ ಇರೋದು, ಬಾ” ಅಂದರು. ದಿನಸಿ ಅಂಗಡಿ ಮುಂದೆ ಸುಣ್ಣದಲ್ಲಿ ಬರೆದಿದ್ದ ವೃತ್ತಗಳ ನಡುವೆ ನಿಜವಾಗಿ ಆರಡಿ ಇದೆಯೇ ಎಂದು ನಾನು ದೋಟಿ ಇಟ್ಟು ಪರೀಕ್ಷಿಸಿದೆ. ಐದೂಮುಕ್ಕಾಲು ಇತ್ತು. ನಾನು ಸುಮ್ಮನಿರುವ ಜಾತಿಯೇ? ಘೋಷಿಸಿದೆ. ತಕ್ಷಣ ಮುಂದಿನವರು “ಕೊಡಿ ಮೇಷ್ಟ್ರೇ, ನಂದೂ ನೋಡ್ತೀನಿ” ಎಂದು ದೋಟಿ ಇಸಿದುಕೊಂಡರು. ಅವರ ಕೈಯಿಂದ ಹಿಂದಿನವರಿಗೆ, ಅಲ್ಲಿಂದ ಪಕ್ಕದ ಸಾಲಿಗೆ. ಜನರ ನಡುವೆ ಅಂತರ ಕಾಯಲು ಹುಟ್ಟಿದ ದೋಟಿ ಅರ್ಧ ಗಂಟೆ ಇಡೀ ಸಾಲಿನ ಕೈ ಕುಲುಕಿ, ಬೆಚ್ಚಗಾಗಿ ನನ್ನ ಬಳಿಗೆ ವಾಪಸು ಬಂತು.

ಅದೇ ವಾರ ಗೂಗಲ್‌ನವರು ಜನರ ಫೋನು ಎಲ್ಲೆಲ್ಲಿ ಓಡಾಡುತ್ತದೆ ಎಂದು ಲೆಕ್ಕ ಹಾಕಿ ವರದಿ ಬಿಟ್ಟಿದ್ದರು. ಜನವರಿ–ಫೆಬ್ರವರಿಗೆ ಹೋಲಿಸಿದರೆ ಮಾರ್ಚ್ 29ರ ಹೊತ್ತಿಗೆ ಭಾರತದಲ್ಲಿ ಅಂಗಡಿ, ಹೋಟೆಲು, ಸಿನಿಮಾ ಕಡೆಯ ಓಡಾಟ ಶೇ. 77ರಷ್ಟು ಇಳಿದಿತ್ತು, ಕೆಲಸದ ಜಾಗಕ್ಕೆ ಹೋಗುವುದು ಶೇ. 47ರಷ್ಟು ಇಳಿದಿತ್ತು, ಮನೆಯಲ್ಲಿರುವುದು ಶೇ. 22ರಷ್ಟು ಏರಿತ್ತು. ದೇಶ ಹೀಗೆ ಶಿಸ್ತಾಗಿ ಕೂತಿರುವಾಗ ನನ್ನ ಗ್ರಾಫು ಮಾತ್ರ ತಲೆಕೆಳಗು. ರಿಟೈರಾದ ಮೇಲೆ ಜಗಲಿ ಬಿಟ್ಟು ಇಳಿಯದಿದ್ದವನು ಈಗ ದಿನಕ್ಕೆ ಮೂರು ಸಲ ಪೇಟೆಗೆ. ಕಾರಣ ಇಷ್ಟೇ: ಮಾಸ್ಕ್ ಹಾಕಿದರೆ ಕನ್ನಡಕ ಮಂಜಾಗುತ್ತದೆ, ಕನ್ನಡಕ ಮಂಜಾದರೆ ಮನೆಯಾಕೆ ಬರೆದ ಚೀಟಿ ಕಾಣುವುದಿಲ್ಲ. ಅಂದಾಜಿನ ಮೇಲೆ ತಂದೆ. ಜೀರಿಗೆ ಬದಲು ಸೋಂಪು ಬಂತು, ಸೋಂಪು ಕೊಟ್ಟು ಜೀರಿಗೆ ತರಲು ಹೋದವನು ಉದ್ದಿನಬೇಳೆ ಮರೆತೆ, ಉದ್ದಿನಬೇಳೆಗೆ ಹೋದಾಗ ದೋಟಿಯನ್ನು ಅಂಗಡಿಯಲ್ಲೇ ಬಿಟ್ಟು ಬಂದೆ. ಅರಸೀಕೆರೆಯ ಸರಾಸರಿ ಎಲ್ಲಾದರೂ ಕೆಟ್ಟಿದ್ದರೆ ಅದಕ್ಕೆ ಹೊಣೆ ನನ್ನ ಫೋನು. ಕ್ಷಮೆಯಿರಲಿ.

ಇದನ್ನೆಲ್ಲ ಕೋಣೆಯ ಮಂಚದ ಮೇಲಿಂದ ನೋಡುತ್ತಿದ್ದ ಅವ್ವನಿಗೆ ಎಂಬತ್ತು ದಾಟಿದೆ. ಪ್ಲೇಗಿನ ಕತೆಗಳನ್ನು ಅವಳು ತನ್ನ ಅವ್ವನಿಂದ ಕೇಳಿದವಳು. 1898ರಲ್ಲಿ ಪ್ಲೇಗಮ್ಮ ಹುಬ್ಬಳ್ಳಿ ಕಡೆಯಿಂದ ರೈಲು ಹತ್ತಿಯೇ ಬೆಂಗಳೂರಿಗೆ ಹೋದಳು ಎನ್ನುತ್ತಾರೆ. ಹಾಗಿದ್ದರೆ ನಮ್ಮೂರ ಮೇಲೇ ಹೋಗಿರಬೇಕು. ಮನೆಯಲ್ಲಿ ಇಲಿ ಸತ್ತು ಬಿತ್ತೆಂದರೆ ಮುಗಿಯಿತು, ಊರಿಗೆ ಊರೇ ಮನೆಗಳ ಬಾಗಿಲು ಹಾಕಿ ಹೊಲ–ತೋಟದಲ್ಲಿ ಗುಡಿಸಲು ಕಟ್ಟಿಕೊಂಡು ತಿಂಗಳುಗಟ್ಟಲೆ ದೂರ ದೂರ ಇರುತ್ತಿತ್ತಂತೆ. “ಆಗ್ಲೂ ಜನ ದೂರ ಇದ್ರು ಕಣ್ಲಾ. ಆದ್ರೆ ದೋಟಿ ಹಿಡ್ಕಂಡು ಪ್ಯಾಟೆ ತಿರುಗ್ಲಿಲ್ಲ” ಅಂದಳು ಅವ್ವ.

ಮೇ 12ರವರೆಗೆ ಹಾಸನ ಜಿಲ್ಲೆಯಲ್ಲಿ ಒಂದೂ ಪ್ರಕರಣ ಇರಲಿಲ್ಲ. ಹಸಿರು ವಲಯ. ಅದರಲ್ಲಿ ನನ್ನ ದೋಟಿಯ ಪಾಲೆಷ್ಟು ಎಂದು ಮನಸ್ಸಿನಲ್ಲೇ ಭಾಗಾಕಾರ ಮಾಡಿಕೊಳ್ಳುತ್ತಿದ್ದೆ. ಮೇ 19ಕ್ಕೆ ಸರ್ಕಾರಿ ಬಸ್ಸು ಬಿಟ್ಟರು, ಒಂದು ಬಸ್ಸಿಗೆ ಮೂವತ್ತೇ ಜನ. ನಾನೂ ಹತ್ತಿದೆ. ದೋಟಿ ಅಡ್ಡಬಿದ್ದು ಬಾಗಿಲು ಹಾಕಲಾಗಲಿಲ್ಲ, ಇಳಿದೆ. ಅದನ್ನು ವಿಸ್ತರಿಸುವುದು ಬೇಡ.

ಶ್ರಾವಣ ಬಂತು. ಆಷಾಢ ಕಳೆದದ್ದೇ ಮನೆಯಾಕೆಯ ಕಡೆಯ ಹುಡುಗಿಯೊಬ್ಬಳ ಮದುವೆ, ಬೇಲೂರಿನಲ್ಲಿ. ಮದುವೆಗೆ ಐವತ್ತೇ ಜನ ಎಂಬ ನಿಯಮ. ಐವತ್ತನ್ನು ಎಣಿಸಲು ಯಾರು? “ಗಣಿತದ ಮೇಷ್ಟ್ರು ಇದಾರಲ್ಲ!” ಅಂದರು ಹಿರಿಯರು. ಎದೆ ಒಂದಂಗುಲ ಉಬ್ಬಿತು. ಬಾಗಿಲಲ್ಲಿ ದೋಟಿ ಅಡ್ಡ ಹಿಡಿದು ನಿಂತೆ. ಗಂಡು–ಹೆಣ್ಣು ಇಬ್ಬರು, ತಂದೆ–ತಾಯಂದಿರು ನಾಲ್ವರು, ಪುರೋಹಿತರು, ವಾಲಗದವರು, ಅಡುಗೆಯವರು, ಕಂಕುಳಲ್ಲಿದ್ದ ಕೂಸು, ಒಬ್ಬರನ್ನೂ ಬಿಡಲಿಲ್ಲ. ಐವತ್ತನೆಯವರು ಒಳಗೆ ಹೋದ ಮೇಲೆ ಬಂದ ಹತ್ತಿರದ ನೆಂಟರನ್ನೇ ಕೈ ಮುಗಿದು ವಾಪಸು ಕಳಿಸಿದೆ. ಮುಹೂರ್ತ ಆಯಿತು, ಸರಿಯಾಗಿ ಐವತ್ತು ಎಲೆ ಹಾಕಿದರು, ಎಲ್ಲರೂ ಕೂತರು. ಕೂರಲು ಎಲೆಯಿಲ್ಲದೆ ನಿಂತವನು ಒಬ್ಬ. ಐವತ್ತೊಂದನೆಯವನು. ಎಣಿಸಿದವನು ತನ್ನನ್ನು ಎಣಿಸಿಕೊಂಡಿರಲಿಲ್ಲ.

ಮೂವತ್ತು ವರ್ಷ ಮಕ್ಕಳಿಗೆ ‘ಒಂದನ್ನು ಕೈಯಲ್ಲಿ ಇಟ್ಟುಕೋ’ ಎಂದು ಸಂಕಲನ ಕಲಿಸಿದವನ ಗತಿ ಇದು. “ಬನ್ನಿ ಭಾವ, ಒಂದು ಎಲೆ ತಾನೆ” ಎಂದು ಬಾಮೈದ ಎಳೆದ. ನಾನು ನಿಯಮನಿಷ್ಠ. ಒಳಗಿದ್ದರೆ ಐವತ್ತೊಂದಾಗುತ್ತದೆ ಎಂದು ಹೊರಗಿನ ಜಗಲಿಯ ಮೇಲೆ ಎಲೆ ಹಾಕಿಸಿಕೊಂಡೆ. ಚೆನ್ನಕೇಶವನ ಊರಿನಲ್ಲಿ ಬೀದಿಗೆ ಮುಖ ಮಾಡಿ ಒಬ್ಬ ಮುದುಕ ಪಕ್ಕದಲ್ಲಿ ಕೋಲಿಟ್ಟುಕೊಂಡು ಎಲೆ ಮುಂದೆ ಕೂತರೆ ಹೇಗೆ ಕಾಣುತ್ತದೆ? ಯಾರೋ ದಾನಿಗಳು ಅನ್ನದಾನ ಮಾಡಿಸುತ್ತಿದ್ದಾರೆ ಎಂದು ಸುದ್ದಿಯಾಯಿತು. ಲಾಕ್‌ಡೌನಿನಲ್ಲಿ ಅದೇ ರೂಢಿಯಾಗಿತ್ತಲ್ಲ. ಹೋಳಿಗೆ ಬಡಿಸುವ ಹೊತ್ತಿಗೆ ನನ್ನ ಪಕ್ಕದಲ್ಲಿ ಹನ್ನೊಂದು ಜನ, ಪಂಕ್ತಿ ಬೀದಿಯ ಕಡೆಗೆ ಬೆಳೆಯುತ್ತಿತ್ತು. ಹೆಣ್ಣಿನ ತಂದೆ ದೊಡ್ಡ ಮನುಷ್ಯರು, ನಗುತ್ತಲೇ ಎಲ್ಲರಿಗೂ ಬಡಿಸಿದರು. ಮುಖ ತೋರಿಸಲಾಗದೆ ಮಾಸ್ಕನ್ನು ಕಣ್ಣಿನವರೆಗೆ ಏರಿಸಿಕೊಂಡು ಹೊರಟೆ.

ದಾರಿಯಲ್ಲಿ ಹಳೇಬೀಡು. ಹದಿನಾರು ಕಿಲೋಮೀಟರ್. ಜುಲೈ 6ರಿಂದ ಸ್ಮಾರಕಗಳನ್ನು ತೆರೆಯಬಹುದು ಎಂದು ಆದೇಶವಾಗಿತ್ತು. ಮನಸ್ಸಿಗೆ ಸಮಾಧಾನವಾಗಲಿ, ಜನವೂ ಇರುವುದಿಲ್ಲ ಎಂದು ಹೊಯ್ಸಳೇಶ್ವರನ ಬಳಿ ಇಳಿದೆವು. ಜಡಿಮಳೆ. ಕನ್ನಡಕದ ಹೊರಗೆ ಮಳೆಹನಿ, ಒಳಗೆ ಮಾಸ್ಕಿನ ಆವಿ. ಕಣ್ಣು ಕಿರಿದು ಮಾಡಿ ಗೋಡೆಯ ಕೆಳಸಾಲು ನೋಡಿದೆ. ಆನೆಗಳು. ಒಂದರ ಬಾಲಕ್ಕೆ ಇನ್ನೊಂದರ ಸೊಂಡಿಲು, ನಡುವೆ ಬೆರಳು ತೂರಿಸಲೂ ಜಾಗವಿಲ್ಲ. ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ರಾಮಾಯಣ–ಮಹಾಭಾರತದವರೆಲ್ಲ ಒತ್ತೊತ್ತಾಗಿ. ಒಂಬೈನೂರು ವರ್ಷದಿಂದ ಅಂತರವೆಂಬ ಮಾತೇ ಇಲ್ಲದ ಸಂಸಾರ. ‘ಇದು ಕಂಟೈನ್ಮೆಂಟ್ ವಲಯ’ ಎಂದುಕೊಂಡು ಬಾಗಿಲ ಕಡೆ ತಿರುಗಿದೆ. ಅಲ್ಲೊಬ್ಬರು ದಾರಿಗಡ್ಡ ನಿಂತಿದ್ದರು. ಎತ್ತರದ ಆಸಾಮಿ, ಮೈತುಂಬ ಒಡವೆ, ಮಾಸ್ಕ್ ಇಲ್ಲ.

“ಸ್ವಾಮಿ, ಸ್ವಲ್ಪ ಆ ಕಡೆ ಸರೀರಿ. ಅಂತರ” ಅಂದೆ.

ಅಲುಗಾಡಲಿಲ್ಲ.

“ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು. ಮಾಸ್ಕ್ ಎಲ್ಲಿ?”

ಉತ್ತರವಿಲ್ಲ. ದೋಟಿಯನ್ನು ಮೆಲ್ಲಗೆ ಮುಂದೆ ಚಾಚಿ, ಆರಡಿ ಎಂದರೆ ಎಷ್ಟು ಎಂದು ತೋರಿಸಲು ಹೋದೆ. ‘ಟಕ್’ ಎಂದು ಸದ್ದಾಯಿತು. ಆಮೇಲೆ ‘ಪೀ’ ಎಂದು ಕಾವಲುಗಾರರ ಸೀಟಿ. “ಯಾರ್ರೀ ಅದು, ದ್ವಾರಪಾಲಕನಿಗೆ ದೊಣ್ಣೆಯಲ್ಲಿ ತಿವಿಯೋದು!” ಸೀಟಿಗೆ ಎಲ್ಲೆಲ್ಲೋ ಮಳೆಗೆ ನಿಂತಿದ್ದವರೆಲ್ಲ ಓಡಿ ಬಂದರು. ಜನವಿಲ್ಲ ಎಂದುಕೊಂಡ ಜಾಗದಲ್ಲಿ ನನ್ನ ಸುತ್ತ ಕೋಟೆ. ಕಾವಲುಗಾರರು ಮಾಡಿದ್ದು ಸರಿಯೇ. ನಾನು ಅವರಿಗೆ ಕೈ ಮುಗಿದೆ, ದ್ವಾರಪಾಲಕನಿಗೂ ಮುಗಿದೆ. ಇಬ್ಬರಲ್ಲಿ ನಗದೆ ಇದ್ದವನು ದ್ವಾರಪಾಲಕ.

ಇಷ್ಟೆಲ್ಲ ಆದ ಮೇಲೆ ಕಾರಿನೊಳಗೆ ಕೂತಾಗಲೇ ಜೀವಕ್ಕೆ ನೆಮ್ಮದಿ. ಬಾಮೈದ ಓಡಿಸುತ್ತಿದ್ದ, ಪಕ್ಕದಲ್ಲಿ ನಾನು, ಹಿಂದೆ ಮನೆಯಾಕೆ, ಅವಳ ತೊಡೆಯ ಮೇಲಿಂದ ಡಿಕ್ಕಿಯವರೆಗೆ ದೋಟಿ. ಹೊರಗಿನ ಗಾಳಿಯಲ್ಲಿ ವೈರಸ್ ಇದ್ದೀತು ಎಂದು ನಾನೇ ನಾಲ್ಕೂ ಗಾಜು ಏರಿಸಿದೆ. ಎ.ಸಿ. ಹಾಕಿಸಿದೆ, ಒಳಗಿನ ಗಾಳಿ ಒಳಗೇ ತಿರುಗುವ ಗುಂಡಿ ಒತ್ತಿಸಿದೆ. ನಮ್ಮವರೇ ತಾನೆ ಎಂದು ಮಾಸ್ಕನ್ನು ಗಲ್ಲಕ್ಕೆ ಇಳಿಸಿ, ಅರಸೀಕೆರೆ ಬರುವವರೆಗೆ ಬಾಮೈದನ ಕಡೆ ತಿರುಗಿಕೊಂಡು ಸಾಮಾಜಿಕ ಅಂತರದ ಮಹತ್ವ ವಿವರಿಸಿದೆ. ನಗುತ್ತಿದ್ದೀರಾ? ನಿಮ್ಮ ಕಾರಿನ ಗಾಜು ಆಗ ಇಳಿದಿತ್ತೋ ಏರಿತ್ತೋ ನೆನಪು ಮಾಡಿಕೊಳ್ಳಿ.

ಎರಡನೇ ದಿನ ನನಗೆ ಜ್ವರ, ಮೈಕೈ ನೋವು. ಅವ್ವನ ಕೋಣೆಯ ಕಡೆಗೆ ಸುಳಿಯಲೇ ಇಲ್ಲ, ನಾನು ಮಾಡಿದ ಒಂದೇ ಬುದ್ಧಿವಂತಿಕೆ ಅದು. ಗಂಟಲ ದ್ರವ ಕೊಟ್ಟು ಬಂದೆ. ಪಾಸಿಟಿವ್. ಆಶಾ ಕಾರ್ಯಕರ್ತೆ ಪುಸ್ತಕ ಹಿಡಿದು ಬಂದಳು, ಅವಳೂ ಹಳೇ ಶಿಷ್ಯೆ.

“ಯಾರ್ ಯಾರನ್ನ ಭೇಟಿ ಮಾಡಿದ್ರಿ ಸಾರ್?”

“ನಾನಾ? ಯಾರನ್ನೂ ಇಲ್ಲಮ್ಮ. ಎಲ್ಲರಿಗೂ ಆರಡಿ” ಎಂದು ದೋಟಿ ತೋರಿಸಿದೆ. ಆಮೇಲೆ, “ಒಂದು ಮದುವೆ...” ಅಂದೆ. ಐವತ್ತು. ಜಗಲಿಯ ಪಂಕ್ತಿ, ಹನ್ನೊಂದು. ಹಳೇಬೀಡಿನ ಕೋಟೆ, ಅಂದಾಜು ಹತ್ತು. ಅವಳು ಹಾಳೆ ತಿರುಗಿಸಿದಳು. “ದ್ವಾರಪಾಲಕನನ್ನ ಬರೀಬೇಕಾ?” ಎಂದು ಕೇಳುವಷ್ಟು ಜ್ವರ ನನಗೆ ಏರಿತ್ತು. “ದೋಟಿ ಮುಟ್ಟಿದವರು?” ಅಂದೆ. “ಅದು ಬೇಡಿ ಸಾರ್. ಮುಚ್ಚಿದ ಜಾಗದಲ್ಲಿ ಹತ್ತಿರ ಕೂತು ಮಾಸ್ಕ್ ಇಲ್ದೆ ಮಾತಾಡಿದವರು ಯಾರು ಹೇಳಿ.” ನಾನು ಮೌನವಾಗಿ ಮನೆಯಾಕೆಯ ಮುಖ ನೋಡಿದೆ. ಮನೆಯಾಕೆ ಅವಳ ತಮ್ಮನಿಗೆ ಫೋನ್ ಹಚ್ಚಿದಳು.

ಮನೆಯಲ್ಲಿ ಇರುವುದು ಒಂದೇ ಬಚ್ಚಲು, ಹಾಗಾಗಿ ನನ್ನನ್ನು ಕೋವಿಡ್ ಕೇರ್ ಸೆಂಟರಿಗೆ ಒಯ್ಯಬೇಕಾಯಿತು. ಆಂಬುಲೆನ್ಸ್ ಬಂದಾಗ ಇಡೀ ಬೀದಿ ತಾರಸಿಯ ಮೇಲಿತ್ತು. ನನ್ನ ಜಾಗಟೆಗೆ ಹದಿನೆಂಟು, ಶ್ರೇಢಿಗೆ ಇಪ್ಪತ್ತೆರಡು ಸೇರಿದ್ದರೆ ಇದಕ್ಕೆ ಎಣಿಕೆಯೇ ಇಲ್ಲ. ಪಕ್ಕದ ಮನೆಯವರು, ಅದೇ ಸಂಡಿಗೆಯವರು, ‘ಬೇಗ ಹುಷಾರಾಗಿ ಬನ್ನಿ’ ಎಂದು ಕಣ್ಣೊರೆಸಿಕೊಂಡರು. ನನ್ನ ಹಿಂದೆಯೇ ಬೊಂಬು ಕಟ್ಟಿ ಮನೆ ಸೀಲ್‌ಡೌನ್ ಮಾಡಿದರು.

ಇನ್ನು ಸೆಂಟರಿನ ಸುಖ ಕೇಳಿ. ಯಾವುದೋ ಹಾಸ್ಟೆಲು, ಒಂದು ಹಾಲಿನಲ್ಲಿ ಇಪ್ಪತ್ತು ಮಂಚ. ಒಳಗೆ ಕಾಲಿಟ್ಟವನೇ ಅಭ್ಯಾಸಬಲದಿಂದ ದೋಟಿ ಚಾಚಿದೆ (ಊರುಗೋಲು ಎಂದು ಸುಳ್ಳು ಹೇಳಿ ತಂದಿದ್ದೆ). ಎಲ್ಲರೂ ಗೊಳ್ಳೆಂದು ನಕ್ಕರು. “ಬನ್ನಿ ಸಾರ್, ಇಲ್ಲಿ ಎಲ್ಲರಿಗೂ ಬಂದಿರೋದೇ, ಯಾರಿಂದ ಯಾರಿಗೆ ದೂರ?” ನಾಲ್ಕೂವರೆ ತಿಂಗಳ ಮೇಲೆ ಮೊದಲ ಸಲ ಮನುಷ್ಯರ ಪಕ್ಕದಲ್ಲಿ ಭುಜ ತಾಗಿಸಿಕೊಂಡು ಕೂತೆ. ಚೌಕಾಬಾರ ಆಡಿದೆವು. ದೋಟಿಯನ್ನು ಎರಡು ಕಿಟಕಿಗೆ ಅಡ್ಡ ಕಟ್ಟಿ ಬಟ್ಟೆ ಒಣಗಿ ಹಾಕಿದೆವು. ಅದು ತನ್ನ ಜೀವಮಾನದಲ್ಲಿ ಮಾಡಿದ ಉಪಯುಕ್ತ ಕೆಲಸ ಅದೊಂದೇ.

ಹತ್ತು ದಿನಕ್ಕೆ ಬಿಟ್ಟರು. ಮನೆಗೆ ಬಂದು ಲೆಕ್ಕ ಕೇಳಿದೆ. ಮದುವೆಯವರಿಗೆ ಯಾರಿಗೂ ಏನೂ ಆಗಿರಲಿಲ್ಲ, ಜಗಲಿಯ ಪಂಕ್ತಿಯವರಿಗೂ ಇಲ್ಲ. ಅವ್ವನದು ನೆಗೆಟಿವ್. ಕಾರು ಓಡಿಸಿದ ಬಾಮೈದನಿಗೆ ಬಂದಿತ್ತು, ಎರಡು ದಿನದ ಜ್ವರಕ್ಕೆ ಮುಗಿದಿತ್ತು. ಮನೆಯಾಕೆಯ ಮಾದರಿ ಮೊದಲ ಸಲ ‘ಸ್ಪಷ್ಟವಿಲ್ಲ’ ಎಂದು ಬಂದು, ಎರಡನೇ ಸಲ ಇಲ್ಲ ಎಂದು ಬಂದಿತ್ತು. ನಾನು ಹೊರಗೋಡೆಯ ಹತ್ತಿರ ಹೋದೆ. ಹಳೇ ಶ್ರೇಢಿ ಮಳೆಗೆ ಅರ್ಧ ಅಳಿಸಿತ್ತು. ಆಟೋ ಶಿಷ್ಯ ಕೇಳಿದ ಅರ್ಧ ಮನುಷ್ಯ ಕೊನೆಗೂ ಸಿಕ್ಕಿದ್ದ, ಅಲ್ಲಲ್ಲ, ಸಿಕ್ಕಿದ್ದಳು: ಅರ್ಧಾಂಗಿ! ಸೀಮೆಸುಣ್ಣ ತಗೊಂಡು ಬರೆದೆ. ಬಾಮೈದ ಒಂದು, ಮನೆಯಾಕೆ ಅರ್ಧ, ಒಟ್ಟು ಒಂದೂವರೆ.

“ನೋಡವ್ವ, ಐ.ಸಿ.ಎಂ.ಆರ್. ಲೆಕ್ಕಕ್ಕಿಂತ ಒಂದು ಕಮ್ಮಿ!” ಎಂದು ಕೂಗಿದೆ.

ಕಿಟಕಿಯಿಂದ ಅವ್ವನ ದನಿ ಬಂತು: “ನಿನ್ನ ಎಣಿಸ್ಕಂಡೇನ್ಲಾ?”

ಒಂದೂವರೆಯನ್ನು ಅಂಗೈಯಲ್ಲಿ ಒರೆಸಿ ಎರಡೂವರೆ ಎಂದು ಬರೆದೆ.